ಜಗಳದ ನಡುವೆ ಹೋಗಿ ಕೂರುವವರು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಾನು ಹಿಂದೆ ನಿಂತದ್ದು ಒಂದೇ ಸಲ. ಎಂಟನೇ ತರಗತಿಯಲ್ಲಿದ್ದಾಗ ಸ್ವಾತಂತ್ರ್ಯ ದಿನದ ಭಾಷಣ ಅರ್ಧಕ್ಕೆ ಮರೆತುಹೋಗಿ ಬೆವರುತ್ತಾ ನಿಂತಿದ್ದೆ. ಕನ್ನಡ ಮೇಷ್ಟ್ರು ಹಿಂದಿನಿಂದ, "ಜೈ ಹಿಂದ್ ಅಂತ ಹೇಳಿ ಇಳಿಯೋ" ಅಂದರು. ಇವತ್ತು ಆ ಭಯಕ್ಕೆ ಬರೆದುಕೊಂಡೇ ಬಂದಿದ್ದೇನೆ. ಮೇಷ್ಟ್ರು ಎದುರಿಗೇ ಕೂತಿದ್ದಾರೆ.

ಸಮಿತಿಯವರು ನನಗೆ ಕೊಟ್ಟ ವಿಷಯ 'ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು'. ಆ ಬಗ್ಗೆ ತಿಳಿಯಬೇಕಾದ ವಿದ್ಯಾರ್ಥಿಗಳು ಊಟದ ನಂತರ ನನ್ನನ್ನು ಹಿಡಿದುಕೊಳ್ಳಿ, ಎಷ್ಟು ಹೊತ್ತು ಬೇಕಾದರೂ ಮಾತಾಡೋಣ. ಇಲ್ಲಿ ನಾನು ಹೇಳಬೇಕೆಂದಿರುವುದು ಬೇರೆ ವಿಷಯ. ಅಮೆರಿಕದಲ್ಲಿ ಬಂದೂಕಿನ ಸಾವುಗಳನ್ನು ತಡೆಯಲು ಸಾಮಾನ್ಯ ಜನರಿಗೆ ಹೇಗೆ ತರಬೇತಿ ಕೊಡುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿದೆ. ಅದನ್ನು ನೋಡುವಾಗ, ಇದೇ ಶಾಲೆಗೆ ಸಂಬಂಧಿಸಿದ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಬಾಯಿಬಿಡದೆ ಇಟ್ಟುಕೊಂಡ ಒಂದು ಸಂಗತಿ ಮತ್ತೆ ಮತ್ತೆ ನೆನಪಾಯಿತು. ಎರಡನ್ನೂ ಹೇಳುತ್ತೇನೆ.

ಬಿಇ ಮುಗಿಸಿ ಕೆಲವು ವರ್ಷ ಬೆಂಗಳೂರಿನಲ್ಲಿದ್ದು, 2021ರಲ್ಲಿ ಕಂಪನಿಯ ಕೆಲಸದ ಮೇಲೆ ಶಿಕಾಗೊಗೆ ಹೋದೆ. ಶಿಕಾಗೊ ಎಂದರೆ ನಮಗೆಲ್ಲ 1893ರ ಸರ್ವಧರ್ಮ ಸಮ್ಮೇಳನ, ವಿವೇಕಾನಂದರ ಭಾಷಣ. ನಾನು ಹೋದ ವರ್ಷ ಆ ಊರಿನಲ್ಲಿ ಸುಮಾರು 800 ಜನರ ಕೊಲೆಯಾಯಿತು. ಹೆಚ್ಚಿನವರು ಸತ್ತದ್ದು ಗುಂಡೇಟಿನಿಂದ. ನಗರದ ಜನಸಂಖ್ಯೆ ಸುಮಾರು 27 ಲಕ್ಷ. ಇಡೀ ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು, ಸುಮಾರು 21 ಸಾವಿರ ಕೊಲೆಗಳು.

ನಮ್ಮ ಟಿವಿಯಲ್ಲಿ ಬರುವುದು ಶಾಲೆಯಲ್ಲೋ ಮಾಲ್‌ನಲ್ಲೋ ಒಬ್ಬ ನುಗ್ಗಿ ಹತ್ತಾರು ಜನರನ್ನು ಕೊಂದ ಸುದ್ದಿ. ಅದು ಭೀಕರವೇ. ಆದರೆ ಒಟ್ಟು ಕೊಲೆಗಳಲ್ಲಿ ಅಂಥವು ಸಣ್ಣ ಪಾಲು. ಉಳಿದವು ಒಬ್ಬೊಬ್ಬರಾಗಿ, ರಾತ್ರಿ ರಸ್ತೆಯ ಮೂಲೆಯಲ್ಲಿ, ಕಾರಿನ ಕಿಟಕಿಯಿಂದ ಆಗುವಂಥವು. ಅವು ಇಡೀ ಊರಿನಲ್ಲಿ ಸಮನಾಗಿ ಹಂಚಿಕೊಂಡೂ ಇಲ್ಲ. ನಾನಿದ್ದ ಉತ್ತರದ ಬಡಾವಣೆಯಲ್ಲಿ ಪಟಾಕಿ ಸದ್ದೂ ಕೇಳುತ್ತಿರಲಿಲ್ಲ. ರೈಲಿನಲ್ಲಿ ಅರ್ಧ ಗಂಟೆ ಪಶ್ಚಿಮಕ್ಕೋ ದಕ್ಷಿಣಕ್ಕೋ ಹೋದರೆ, ಕೆಲವು ಬೀದಿಗಳಲ್ಲಿ ಮಗನನ್ನೋ ತಮ್ಮನನ್ನೋ ಕಳೆದುಕೊಳ್ಳದ ಮನೆ ಹುಡುಕಬೇಕು. ಕಾರಣ ಕೇಳಿದರೆ ನಗುವೂ ಬರುತ್ತದೆ, ಅಳುವೂ ಬರುತ್ತದೆ. ಯಾರೋ ಫೋನಿನಲ್ಲಿ ವಿಡಿಯೊ ಹಾಕಿ ಅಣಕಿಸಿದ್ದು, ಕೊಟ್ಟ ಸಾಲ ವಾಪಸ್ಸು ಬಾರದ್ದು, ಹೋದ ವರ್ಷ ಸತ್ತ ಗೆಳೆಯನ ಸೇಡು. ಇವತ್ತು ಇವನು, ನಾಳೆ ಅವನ ಕಡೆಯವನು, ನಾಡಿದ್ದು ಮತ್ತೆ ಇವನ ಕಡೆಯವನು. ನಮ್ಮ ಕಡೆ ದಾಯಾದಿ ಜಗಳ ಮೂರು ತಲೆಮಾರು ನಡೆಯುವುದಿಲ್ಲವೇ, ಹಾಗೆ. ಅಲ್ಲಿ ಎಲ್ಲರ ಕೈಗೂ ಪಿಸ್ತೂಲು ಸಿಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ಇದನ್ನು ಪೊಲೀಸರ ಕೆಲಸ ಎಂದು ಬಿಡದೆ ಬೇರೆ ರೀತಿ ಯೋಚಿಸಿದವರಲ್ಲಿ ಒಬ್ಬರು ಗ್ಯಾರಿ ಸ್ಲಟ್ಕಿನ್ ಎಂಬ ವೈದ್ಯರು. ಅವರು ಸಾಂಕ್ರಾಮಿಕ ರೋಗಗಳ ತಜ್ಞರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ಷಯ, ಸೊಮಾಲಿಯಾದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ, ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಉಗಾಂಡದಲ್ಲಿ ಏಡ್ಸ್ ನಿಯಂತ್ರಣಕ್ಕೆ ದುಡಿದು 1990ರ ದಶಕದಲ್ಲಿ ಊರಿಗೆ ಮರಳಿದವರು. ಶಿಕಾಗೊದ ಗುಂಡಿನ ದಾಳಿಗಳ ನಕ್ಷೆ ನೋಡಿದಾಗ ಅವರಿಗೆ ಕಾಲರಾ ನಕ್ಷೆ ನೋಡಿದ ಹಾಗಾಯಿತಂತೆ. ಒಂದು ಪ್ರಕರಣದ ಸುತ್ತ ಇನ್ನಷ್ಟು ಪ್ರಕರಣ, ಅದರ ಸುತ್ತ ಮತ್ತಷ್ಟು. ರೋಗ ಹರಡುವುದನ್ನು ತಡೆಯಲು ಹೊರಗಿನವರು ಹೋಗಿ ಉಪದೇಶ ಮಾಡಿದರೆ ಯಾರೂ ಕೇಳುವುದಿಲ್ಲ. ಅದೇ ಕೇರಿಯವರನ್ನು ಆರಿಸಿ, ತರಬೇತಿ ಕೊಟ್ಟು, ಸಂಬಳ ಕೊಟ್ಟು ಮನೆಮನೆಗೆ ಕಳಿಸಬೇಕು. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನಪಿಸಿಕೊಳ್ಳಿ. ದೊಡ್ಡ ಡಾಕ್ಟರು ಹೇಳಿದರೂ ಹೆರಿಗೆಗೆ ಆಸ್ಪತ್ರೆಗೆ ಹೋಗದ ಸೊಸೆ, ಪಕ್ಕದ ಮನೆಯ ಆಶಾ ಅಕ್ಕ ಹೇಳಿದರೆ ಹೊರಡುತ್ತಾಳೆ.

ಸ್ಲಟ್ಕಿನ್ 2000ನೇ ಇಸವಿಯಲ್ಲಿ ಶಿಕಾಗೊದ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್ ಎಂಬ ಬಡಾವಣೆಯಲ್ಲಿ 'ಸೀಸ್‌ಫೈರ್' ಎಂಬ ಕಾರ್ಯಕ್ರಮ ಶುರು ಮಾಡಿದರು. ಈಗ ಅದರ ಹೆಸರು 'ಕ್ಯೂರ್ ವಯಲೆನ್ಸ್'. ಅದರ ಕೆಲಸಗಾರರಿಗೆ 'ಇಂಟರಪ್ಟರ್' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ನಡುವೆ ಬಾಯಿ ಹಾಕುವವರು. ಅವರಲ್ಲಿ ಅನೇಕರು ಒಂದು ಕಾಲದಲ್ಲಿ ಅದೇ ಬೀದಿಯ ಗ್ಯಾಂಗುಗಳಲ್ಲಿದ್ದು ಜೈಲು ನೋಡಿ ಬಂದವರು. ಇಂಥವರಿಗೆ ಕೆಲಸ ಕೊಡುತ್ತಾರಾ ಎಂದು ನಾನೂ ಹುಬ್ಬೇರಿಸಿದೆ. ಆದರೆ ಪಿಸ್ತೂಲು ಹಿಡಿದು ಹೊರಟ ಇಪ್ಪತ್ತರ ಹುಡುಗ ನನ್ನಂಥ ಎಂಜಿನಿಯರ್ ಮಾತನ್ನು ಕೇಳುತ್ತಾನೆಯೇ? "ನಾನೂ ಹೀಗೇ ಹೊರಟಿದ್ದೆ ಕಣೋ, ಹದಿನೈದು ವರ್ಷ ಒಳಗಿದ್ದೆ, ನನ್ನ ತಾಯಿ ಸತ್ತಾಗ ಮುಖ ನೋಡಲು ಆಗಲಿಲ್ಲ" ಎನ್ನುವವನ ಮಾತಿಗೆ ಒಂದು ನಿಮಿಷ ನಿಂತಾನು. ಆ ಒಂದು ನಿಮಿಷಕ್ಕಾಗಿಯೇ ಇಷ್ಟೆಲ್ಲ.

ನನಗೆ ಇವರ ಸಂಪರ್ಕವಾದದ್ದು ಸ್ವಯಂಸೇವೆಯ ಮೂಲಕ. ಅಂಥದೊಂದು ಸಣ್ಣ ಸಂಸ್ಥೆಗೆ ದಾಖಲೆ ಇಟ್ಟುಕೊಳ್ಳಲು ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಶನಿವಾರಗಳಲ್ಲಿ ಕೂತು ಬಹಳ ಅಚ್ಚುಕಟ್ಟಾಗಿ ಮಾಡಿದೆ. ಯಾವ ದಿನ, ಯಾವ ಬೀದಿ, ಜಗಳ ಯಾರ ಯಾರ ನಡುವೆ, ಅವರ ಪೂರ್ತಿ ಹೆಸರು, ಫೋನ್ ನಂಬರು, ಎಲ್ಲಕ್ಕೂ ಒಂದೊಂದು ಕಾಲಂ. ತೋರಿಸಿದಾಗ ಅಲ್ಲಿನ ತರಬೇತುದಾರ, ಅರವತ್ತು ದಾಟಿದ ಹಿರಿಯರು, ನಿಧಾನವಾಗಿ ನೋಡಿ, ಹೆಸರಿನ ಕಾಲಂ ಮೇಲೆ ಬೆರಳಿಟ್ಟು, "ಇದನ್ನು ತೆಗೆ" ಅಂದರು. ಹೆಸರಿಲ್ಲದೆ ದಾಖಲೆ ಹೇಗೆ ಎಂದು ವಾದಿಸಿದೆ. ಅವರು ಹೇಳಿದ್ದಿಷ್ಟು: "ಈ ಪಟ್ಟಿ ಒಂದು ದಿನ ಯಾರದೋ ಕೈಗೆ ಸಿಗುತ್ತದೆ. ಆಮೇಲೆ ನಮ್ಮ ಹುಡುಗರು ಯಾವ ಬಾಗಿಲು ತಟ್ಟಿದರೂ ತೆರೆಯುವುದಿಲ್ಲ. ಬಾಗಿಲು ತೆರೆಯದಿದ್ದರೆ ನಿನ್ನ ಪ್ರೋಗ್ರಾಂ ಯಾತಕ್ಕೆ?" ಅವತ್ತೇ ಕಾಲಂ ತೆಗೆದೆ. ನಾನು ಓದಿದ್ದು ಮಾಹಿತಿ ಕೂಡಿಡುವ ವಿದ್ಯೆ. ಯಾವ ಮಾಹಿತಿಯನ್ನು ಕೂಡಿಡಬಾರದು ಎಂಬುದನ್ನು ಆ ಹಿರಿಯರಿಂದ ಕಲಿತೆ.

ಆಮೇಲೆ ಅವರ ತರಬೇತಿಯ ಬಗ್ಗೆ ಕುತೂಹಲ ಹುಟ್ಟಿತು. ಜೈಲಿನ ಅನುಭವ ಇದ್ದ ಮಾತ್ರಕ್ಕೆ, ಊರಿನಲ್ಲಿ ಮರ್ಯಾದೆ ಇದ್ದ ಮಾತ್ರಕ್ಕೆ ಈ ಕೆಲಸ ಬರುವುದಿಲ್ಲ. ಶಿಕಾಗೊದಲ್ಲಿ 'ಮೆಟ್ರೊಪಾಲಿಟನ್ ಪೀಸ್ ಅಕಾಡೆಮಿ' ಎಂಬ ಒಂದು ಶಾಲೆಯೇ ಇದೆ. ಬೀದಿಯಲ್ಲಿ ಕೆಲಸ ಮಾಡುವವರಿಗೆ ಅಲ್ಲಿ 18 ವಾರಗಳಲ್ಲಿ 144 ಗಂಟೆಯ ಪಾಠ. ನಮ್ಮ ಹತ್ತನೇ ತರಗತಿ ಗಣಿತಕ್ಕೂ ಸುಮಾರು ಅಷ್ಟೇ ಗಂಟೆ ಇರಬಹುದು.

ಏನು ಕಲಿಸುತ್ತಾರೆ? ಮೊದಲನೆಯದು ಕೇಳಿಸಿಕೊಳ್ಳುವುದು. ಕೋಪದಲ್ಲಿರುವವನಿಗೆ ಬುದ್ಧಿ ಹೇಳಬಾರದು, ಪ್ರಶ್ನೆ ಕೇಳಬೇಕು, ಅವನಾಗಿಯೇ ಮಾತಾಡುವ ಹಾಗೆ ಮಾಡಬೇಕು. ಎರಡನೆಯದು ಹೊತ್ತು ಕಳೆಯುವುದು. ಜಗಳವನ್ನು ಅವತ್ತೇ ಬಗೆಹರಿಸುವ ಆತುರ ಬೇಡ, ಈ ರಾತ್ರಿ ದಾಟಿಸಿದರೆ ಸಾಕು. ಮೂರನೆಯದು ಇಬ್ಬರ ಮುಖವನ್ನೂ ಉಳಿಸುವುದು. ಹಿಂದೆ ಸರಿದರೆ ಹೇಡಿ ಎನ್ನುತ್ತಾರೆಂಬ ಭಯಕ್ಕೇ ಎಷ್ಟೋ ಗುಂಡು ಹಾರುತ್ತದೆ. ಆದ್ದರಿಂದ ಸರಿಯಲು ಅವನಿಗೊಂದು ನೆಪ ಕೊಡಬೇಕು. ನಾಲ್ಕನೆಯದು ಗುಂಪುಗಳ ನಡುವೆ ಒಪ್ಪಂದ: ನಮ್ಮ ಬೀದಿಗೆ ನೀವು ಬರಬೇಡಿ, ನಿಮ್ಮ ಬೀದಿಗೆ ನಾವು ಬರುವುದಿಲ್ಲ, ಸತ್ತವರ ಹೆಸರಿನಲ್ಲಿ ಯಾರೂ ಫೋನಿನಲ್ಲಿ ಅಣಕು ಹಾಕಬಾರದು. ಐದನೆಯದು, ಗುಂಡೇಟು ಬಿದ್ದ ಮೇಲೆ ಆಸ್ಪತ್ರೆಗೆ ಹೋಗಿ ಗಾಯಾಳುವಿನ ಗೆಳೆಯರ ಜೊತೆ ಕೂರುವುದು. ಮುಂದಿನ ಗುಂಡು ಹೊರಡುವುದು ಆಸ್ಪತ್ರೆಯ ಆ ಕಾರಿಡಾರಿನಿಂದಲೇ. ಕೊನೆಯದು ತಮ್ಮನ್ನು ತಾವು ನೋಡಿಕೊಳ್ಳುವುದು. ಯಾವ ಜಾಗಕ್ಕೆ ಒಬ್ಬರೇ ಹೋಗಬಾರದು, ಯಾವಾಗ ಹಿಂದೆ ಬರಬೇಕು, ದಿನವೂ ಸಾವು ನೋಡುವವರು ಆ ಭಾರವನ್ನು ಯಾರ ಹತ್ತಿರ ಇಳಿಸಬೇಕು. ಈ ಕೆಲಸದಲ್ಲಿ ಗುಂಡೇಟು ತಿಂದವರಿದ್ದಾರೆ, ಸತ್ತವರೂ ಇದ್ದಾರೆ.

ಇದರ ಮೇಲೆ ಇನ್ನೊಂದು ಹಂತವಿದೆ. ಬೀದಿಯಲ್ಲಿ ನಿಸ್ಸೀಮನಾದವನಿಗೆ ಸಂಸ್ಥೆ ನಡೆಸಲು ಬರಬೇಕೆಂದಿಲ್ಲ. ಲೆಕ್ಕ ಬರೆಯುವುದು, ಅನುದಾನಕ್ಕೆ ಅರ್ಜಿ ಹಾಕುವುದು, ಸಿಬ್ಬಂದಿಯನ್ನು ಸಂಭಾಳಿಸುವುದು, ಅಂಕಿಅಂಶ ಓದುವುದು ಬೇರೆಯದೇ ವಿದ್ಯೆ. ಅದಿಲ್ಲದೆ ಎಷ್ಟೋ ಒಳ್ಳೆಯ ಸಂಸ್ಥೆಗಳು ಎರಡು ಮೂರು ವರ್ಷಕ್ಕೆ ಮುಚ್ಚಿಹೋದವು. ಅದಕ್ಕಾಗಿ ಶಿಕಾಗೊ ವಿಶ್ವವಿದ್ಯಾಲಯದ ಕ್ರೈಮ್ ಲ್ಯಾಬ್ ಇಂಥ ಮುಖಂಡರಿಗೆಂದೇ ಆರು ತಿಂಗಳ ಒಂದು ಅಕಾಡೆಮಿ ಮಾಡಿತು. ದೇಶದ ಬೇರೆ ಬೇರೆ ನಗರಗಳಿಂದ ಬಂದ ಸುಮಾರು ಮೂವತ್ತು ಮಂದಿಯ ಮೊದಲ ತಂಡ 2023ರಲ್ಲಿ ತರಬೇತಿ ಮುಗಿಸಿತು. ಅದರ ಮುಖ್ಯಸ್ಥರಾದ ಚಿಕೊ ಟಿಲ್ಮನ್ ಸ್ವತಃ ಹಲವು ವರ್ಷ ಜೈಲಿನಲ್ಲಿದ್ದು, ಹೊರಬಂದ ಮೇಲೆ ಓದಿ ಪಿಎಚ್‌ಡಿ ಪಡೆದವರು.

ಇದರಿಂದ ಸಾವು ಕಡಿಮೆಯಾಯಿತೇ ಎಂದು ನೀವು ಕೇಳಬೇಕು. ವಿಜ್ಞಾನದ ಮೇಷ್ಟ್ರು ಕೇಳಿಯೇ ಕೇಳುತ್ತಾರೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಶಿಕಾಗೊದ ಏಳು ಪ್ರದೇಶಗಳನ್ನು ಅಧ್ಯಯನ ಮಾಡಿ 2008ರಲ್ಲಿ ಕೊಟ್ಟ ವರದಿಯ ಪ್ರಕಾರ ಹಲವು ಕಡೆ ಗುಂಡಿನ ದಾಳಿ ಇಳಿದಿತ್ತು, ಎಲ್ಲ ಕಡೆ ಅಲ್ಲ. ಬೇರೆ ನಗರಗಳ ಫಲಿತಾಂಶವೂ ಹೀಗೇ ಮಿಶ್ರ. 2015ರಲ್ಲಿ ಇಲಿನಾಯ್ ರಾಜ್ಯ ಸರ್ಕಾರ ಈ ಕೆಲಸಕ್ಕೆ ಕೊಡುತ್ತಿದ್ದ ಹಣ ನಿಲ್ಲಿಸಿತು. ಮರುವರ್ಷ ಶಿಕಾಗೊದಲ್ಲಿ ಕೊಲೆಗಳು 760 ದಾಟಿದವು. ಹಣ ನಿಂತದ್ದೇ ಕಾರಣ ಎಂದು ಸಾಧಿಸಲು ಆಗುವುದಿಲ್ಲ, ಅದರ ಬಗ್ಗೆ ವಾದಗಳಿವೆ. 2022ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನಿನ ಮೂಲಕ ಐದು ವರ್ಷಕ್ಕೆ 25 ಕೋಟಿ ಡಾಲರ್ ಕೊಟ್ಟಿತು. 2024ರಲ್ಲಿ ಶಿಕಾಗೊದ ಕೊಲೆಗಳು 600ಕ್ಕಿಂತ ಕೆಳಗಿಳಿದವು. ಅದಕ್ಕೂ ಹಲವು ಕಾರಣಗಳಿವೆ. 2025ರ ಏಪ್ರಿಲ್‌ನಲ್ಲಿ ಕೇಂದ್ರದ ನ್ಯಾಯ ಇಲಾಖೆ ಇಂಥ ಹಲವು ಅನುದಾನಗಳನ್ನು ಮತ್ತೆ ರದ್ದು ಮಾಡಿತು. ಒಂದು ಮಾತ್ರ ನನಗೆ ಖಾತ್ರಿಯಾಗಿದೆ. ಒಂದು ರಾತ್ರಿ ದಾಟಿಸಲು ಒಬ್ಬ ಮನುಷ್ಯ ಸಾಕು. ವರ್ಷಗಟ್ಟಲೆ ರಾತ್ರಿಗಳನ್ನು ದಾಟಿಸಬೇಕಾದರೆ ಅವನಿಗೆ ತರಬೇತಿ ಬೇಕು, ಸಂಬಳ ಬೇಕು, ಅವನ ಬೆನ್ನಿಗೆ ಜನ ಬೇಕು.

ಈಗ ಶಾಲೆಯ ಸಂಗತಿಗೆ ಬರುತ್ತೇನೆ. ಇದನ್ನು ಹೇಳಲು ಸಂಬಂಧಪಟ್ಟವರೆಲ್ಲರ ಒಪ್ಪಿಗೆ ಪಡೆದಿದ್ದೇನೆ.

ನಮ್ಮದು ಮಲೆನಾಡು. ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ ಬರುವ ಊರಿನಲ್ಲಿ ಲೈಸೆನ್ಸ್ ಇರುವ ಕೋವಿ ಹಲವರ ಮನೆಯಲ್ಲಿದೆ. ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸಿ ಚೀಟಿ ತರುವುದು, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ನಾನು ಒಂಬತ್ತನೇ ತರಗತಿಯಲ್ಲಿದ್ದ ಬೇಸಿಗೆ. ಹಳ್ಳದ ನೀರನ್ನು ತೋಟಕ್ಕೆ ಬಿಡುವ ಸರದಿಯ ವಿಷಯಕ್ಕೆ ನಮ್ಮ ಮನೆಗೂ ಪಕ್ಕದ ದಾಯಾದಿ ಮನೆಗೂ ಮಾತಿಗೆ ಮಾತು ಬೆಳೆಯಿತು. ಆ ಮನೆಯ ಹುಡುಗ ನನ್ನ ಬೆಂಚಿನವನು. ಅಪ್ಪ ಪೇಟೆಗೆ ಹೋಗಿದ್ದರು. ಕತ್ತಲಾಗುವ ಹೊತ್ತಿಗೆ ಚಿಕ್ಕಪ್ಪ ಅಟ್ಟದಿಂದ ಕೋವಿ ಇಳಿಸಿ ಜಗಲಿಯ ಮೇಲೆ ಕೂತರು. "ಇವತ್ತು ರಾತ್ರಿ ಅವನು ನೀರು ತಿರುಗಿಸಲು ಬರಲಿ" ಎಂದಷ್ಟೇ ಹೇಳಿದರು. ಅಜ್ಜಿ ಒಳಗೆ ಅಳುತ್ತಿದ್ದರು. ನಾನು ಹಿತ್ತಲ ದಾರಿಯಿಂದ ಓಡಿದೆ. ಎಲ್ಲಿಗೆ ಓಡಬೇಕೆಂದು ಯೋಚಿಸಿರಲಿಲ್ಲ, ಕಾಲು ಶಾಲೆಯ ಕಡೆ ತಂದಿತು. ಶಾಲೆಯ ಪಕ್ಕದ ಕೋಣೆಯಲ್ಲಿ ನಮ್ಮ ಗಂಟೆ ಹೊಡೆಯುವ ಅಟೆಂಡರ್ ಅಣ್ಣ ಇರುತ್ತಿದ್ದರು. ವಿಷಯ ಕೇಳಿ ಅವರು ಒಂದೂ ಮಾತಾಡದೆ ಅಂಗಿ ಹಾಕಿಕೊಂಡು ಬ್ಯಾಟರಿ ಹಿಡಿದು ಹೊರಟರು.

ಬಂದವರು ಕೋವಿಯ ಸುದ್ದಿಯನ್ನೇ ಎತ್ತಲಿಲ್ಲ. ಚಿಕ್ಕಪ್ಪನ ಪಕ್ಕದಲ್ಲಿ ಕೂತು, "ಗೌಡ್ರೇ, ಎಲೆಅಡಿಕೆ ತಟ್ಟೆ ಇತ್ಲಾಗೆ ಕೊಡಿ, ನಡೆದು ಬಂದು ಬಾಯಿ ಒಣಗಿದೆ" ಅಂದರು. ಆಮೇಲೆ ಅಡಿಕೆ ರೇಟು, ಕರು ಹಾಕಿದ ದನ, ತಂಗಿಯ ಮದುವೆಗೆ ಬಂದ ಸಂಬಂಧ. ಚಿಕ್ಕಪ್ಪ ಹೂಂಗುಟ್ಟುತ್ತಿದ್ದರು. ಬಾಗಿಲ ಸಂದಿಯಲ್ಲಿ ಕೂತು ನಾನು ಎಲ್ಲ ಕೇಳುತ್ತಿದ್ದೆ. ನಡುರಾತ್ರಿ ದಾಟಿದ ಮೇಲೆ ಅವರು ಮೆಲ್ಲಗೆ, "ನನ್ನ ತಮ್ಮ ಹೋದ ಮೇಲೆ ನಮ್ಮವ್ವ ಆರು ತಿಂಗಳು ರಾತ್ರಿ ಬಾಗಿಲು ಹಾಕಲಿಲ್ಲ ಗೌಡ್ರೇ, ಅವನು ಬರ್ತಾನೆ ಅಂತ" ಎಂದರು. ಅವರ ತಮ್ಮ ಶಿಕಾರಿಯಲ್ಲಿ ಈಡು ತಗುಲಿ ಸತ್ತದ್ದು, ಆ ಶಿಕಾರಿಗೆ ಇವರೂ ಹೋಗಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಚಿಕ್ಕಪ್ಪ ಕೋವಿ ಬಿಚ್ಚಿ, ತೋಟಾ ತೆಗೆದು ಎಲೆಅಡಿಕೆ ತಟ್ಟೆಯಲ್ಲಿಟ್ಟರು. ಅಟೆಂಡರ್ ಅಣ್ಣ ಅದನ್ನು ಜೇಬಿಗೆ ಹಾಕಿಕೊಂಡು, ಅಲ್ಲಿಂದ ಸೀದಾ ದಾಯಾದಿ ಮನೆಗೆ ಹೋಗಿ ಅವರ ಜಗಲಿಯಲ್ಲೂ ಕೂತರು.

ಅವತ್ತು ಶಾಲೆಯ ಮೊದಲ ಗಂಟೆ ತಡವಾಯಿತು. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಎದುರು ಅವರು ಬೈಸಿಕೊಂಡರು. ಬೈದವರಿಗೆ ವಿಷಯ ಗೊತ್ತಿರಲಿಲ್ಲ, ಅವರ ತಪ್ಪೇನೂ ಇಲ್ಲ. ಅಟೆಂಡರ್ ಅಣ್ಣ, "ತಪ್ಪಾಯ್ತು ಸಾರ್, ನಿದ್ದೆ ಹತ್ತಿಬಿಡ್ತು" ಅಂದರು. ಸಾಲಿನಲ್ಲಿ ನಿಂತವರಲ್ಲಿ ನಿಜ ಗೊತ್ತಿದ್ದದ್ದು ಇಬ್ಬರಿಗೆ, ನನಗೆ ಮತ್ತು ನನ್ನ ಬೆಂಚಿನವನಿಗೆ. ಇಬ್ಬರೂ ಬಾಯಿಬಿಡಲಿಲ್ಲ. ಮನೆಯ ಮಾನ ಎಂದುಕೊಂಡೆವು. ಹತ್ತನೇ ತರಗತಿ ಮುಗಿಸಿ ಹೊರಡುವಾಗಲೂ ನಾನು ಅವರಿಗೊಂದು ಮಾತು ಹೇಳಲಿಲ್ಲ. ಶಿಕಾಗೊದಲ್ಲಿ ಆ ತರಬೇತಿ ನೋಡುವಾಗ ಪ್ರತಿ ಪಾಠದಲ್ಲೂ ಅವರೇ ಕಂಡರು. 144 ಗಂಟೆಯ ಪಾಠದಲ್ಲಿ ಬಹಳಷ್ಟು ಅವರಿಗೆ ತಾನಾಗಿ ಬಂದಿತ್ತು. ಅವರಿಗೆ ಸಿಗದೇ ಇದ್ದದ್ದು ಕೊನೆಯ ಪಾಠ. ಆ ರಾತ್ರಿಯ ಭಾರವನ್ನು ಅವರು ಎಲ್ಲಿ ಇಳಿಸಿದರೋ ಯಾರೂ ಕೇಳಲಿಲ್ಲ. ನಾನು ಊರಿಗೆ ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಹೆಸರು ಹೇಳಬಹುದೇ ಎಂದು ಅವರ ಮಗಳನ್ನು ಕೇಳಿದೆ. "ಬೇಡ, ಅಪ್ಪಯ್ಯನಿಗೆ ಅದು ಇಷ್ಟವಿರಲಿಲ್ಲ" ಅಂದರು. ಊರಿನವರಿಗೆ ಯಾರೆಂದು ಗೊತ್ತು, ಅಷ್ಟು ಸಾಕು. ನನ್ನ ಬೆಂಚಿನವನು ಇವತ್ತು ಊಟದ ಉಸ್ತುವಾರಿಯಲ್ಲಿದ್ದಾನೆ. ನಮ್ಮ ಎರಡು ಮನೆಗಳ ನೀರಿನ ಸರದಿ ಈಗಲೂ ಸರಿಯಾಗಿ ನಡೆಯುತ್ತಿದೆ.

ಕೊನೆಗೆ ಎರಡು ವಿನಂತಿ. ಕೋವಿ ಇರುವ ಮನೆಯವರು ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ ಬೀಗ ಹಾಕಿಡಿ. ಕೋಪ ಬಂದವನು ಎರಡನೆಯ ಬೀಗ ತೆಗೆಯುವಷ್ಟರಲ್ಲಿ ಯಾರಾದರೂ ಬಂದು ಕೂರಬಹುದು. ಮನಸ್ಸು ಸೋತು ತನ್ನ ಮೇಲೇ ತಿರುಗಿಸಿಕೊಳ್ಳಲು ಹೊರಟವನಿಗೂ ಆ ಹೊತ್ತು ಬೇಕು.

ಎರಡನೆಯದು ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ. ಶಾಲೆಯ ಕಮಾನಿಗೆ ನಾವು ಹಣ ಕೂಡಿಸಿದ್ದೇವೆ, ಕಮಾನು ಆಗಲಿ. ಅದರ ಜೊತೆಗೆ ವರ್ಷಕ್ಕೊಮ್ಮೆ ಪ್ರತಿ ಕೇರಿಯಿಂದ ಒಬ್ಬರು, ಇಬ್ಬರು ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದವರನ್ನು ಸೇರಿಸಿ ಜಗಳ ಬಿಡಿಸುವ, ಕೇಳಿಸಿಕೊಳ್ಳುವ ತರಬೇತಿ ಕೊಡಿಸೋಣ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯವರು ಅರೆ ಕಾನೂನು ಸ್ವಯಂಸೇವಕರಿಗೆ ತರಬೇತಿ ಕೊಡುತ್ತಾರೆ, ಅವರನ್ನು ಕೇಳೋಣ. ಮೊದಲ ವರ್ಷದ ಖರ್ಚು ನನ್ನದು. ತರಬೇತಿ ಪಡೆದವರನ್ನು ತಿಂಗಳಿಗೊಮ್ಮೆ ಕೂರಿಸಿಕೊಂಡು, "ನಿಮಗೆ ಹೇಗಿದೆ?" ಎಂದು ಕೇಳುವ ಕೆಲಸ ನಮ್ಮೆಲ್ಲರದು.

ಮುಂದೆ ಯಾವತ್ತಾದರೂ ಈ ಶಾಲೆಯ ಗಂಟೆ ತಡವಾಗಿ ಹೊಡೆದರೆ, ಬೈಯುವ ಮೊದಲು ರಾತ್ರಿ ಎಲ್ಲಿದ್ದೆ ಎಂದು ಒಮ್ಮೆ ಕೇಳೋಣ.

 ಮೇಷ್ಟ್ರೇ, ಈ ಸಲ ಮರೆಯಲಿಲ್ಲ. ಜೈ ಹಿಂದ್, ಜೈ ಕರ್ನಾಟಕ ಅಂತ ಹೇಳಿ ಇಳಿಯುತ್ತೇನೆ.